ಸ್ಕಾರ್ಚು, ಚಾರು ಮತ್ತು ನಮ್ಮ ಭಾವ

ಮನೆಗೆ ಬೆಂಕಿ ಬಿದ್ದರೆ ನೀವು, ನಾನು ಏನು ಮಾಡುತ್ತೇವೆ? ನೀರು ಹುಡುಕುತ್ತೇವೆ. ನನ್ನ ಭಾವ ಶಬ್ದ ಹುಡುಕುತ್ತಾರೆ! ಉರಿಯುತ್ತಿರುವುದರ ಸುತ್ತ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು, ಕನ್ನಡಕ ಸರಿಮಾಡಿಕೊಂಡು, ಇದು ಸ್ಕಾರ್ಚೋ ಚಾರೋ ಎಂದು ತೀರ್ಮಾನವಾದ ಮೇಲೆಯೇ ಅವರು ಕೊಡಪಾನಕ್ಕೆ ಕೈ ಹಾಕುವುದು. ಅಷ್ಟರಲ್ಲಿ ತೀರ್ಮಾನಿಸಲಿಕ್ಕೆ ಏನೂ ಉಳಿದಿರುವುದಿಲ್ಲ, ಆ ಮಾತು ಬೇರೆ. ಇಂಥವರನ್ನು ನನ್ನ ಅಕ್ಕ ಮದುವೆಯಾಗಿದ್ದಾಳೆ. ಆಗ ನಾನು ಚಿಕ್ಕವಳು, ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಭಾವನಿಗೆ ಇನ್ಶೂರೆನ್ಸ್ ಕಂಪೆನಿಯಲ್ಲಿ ಕೆಲಸ. ಅದರಲ್ಲೂ ಬೆಂಕಿಯ ವಿಭಾಗ. ಅಂಗಡಿ ಸುಟ್ಟಿತು, ಗೋದಾಮು ಸುಟ್ಟಿತು, ಗೇರುಬೀಜದ ಕಾರ್ಖಾನೆ ಹೊತ್ತಿಕೊಂಡಿತು ಎಂದು ಸುದ್ದಿ ಬಂದರೆ ಊರಿನವರೆಲ್ಲ ಅಯ್ಯೋ ಎನ್ನುತ್ತಿದ್ದರು. ಇವರು ಮುಖದ ಮೇಲೆ ಮದುವೆಗೆ ಹೊರಟ ಕಳೆ ಹೊತ್ತುಕೊಂಡು ಉಡುಪಿ ಬಸ್ ಹತ್ತುತ್ತಿದ್ದರು. ಬೂದಿಯ ನಡುವೆ ನಿಂತು, ಕೋಲಿನಿಂದ ಒಂದೊಂದನ್ನೂ ತಿರುಗಿಸಿ, ವರದಿ ಬರೆಯುವುದು. ಆ ವರದಿಯಲ್ಲಿ ಅವರ ಪ್ರಾಣವೆಲ್ಲ ಇದ್ದದ್ದು ಎರಡು ಇಂಗ್ಲಿಷ್ ಶಬ್ದಗಳಲ್ಲಿ. ಅವೆರಡನ್ನು ಅಲ್ಲೇ ಬಿಟ್ಟು ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮನೆಗೂ ತಂದರು!

“ಸ್ಕಾರ್ಚ್ ಅಂದ್ರೆ ಮೈ ಮಾತ್ರ ಸುಟ್ಟದ್ದು,” ಎಂದು ಶುರುಮಾಡುತ್ತಾರೆ. ಯಾರು ಕೇಳಿದರು ಎಂದು ಕೇಳಬೇಡಿ, ಯಾರೂ ಕೇಳಿರುವುದಿಲ್ಲ. “ಬಣ್ಣ ಹೋಗ್ತದೆ, ವಸ್ತು ಉಳೀತದೆ. ಚಾರ್ ಅಂದ್ರೆ ಹಾಗಲ್ಲ. ವಸ್ತುವೇ ಇದ್ದಿಲಾಗುದು. ಸ್ಕಾರ್ಚ್ ಆದ ಬಾಗಿಲು ಇನ್ನೂ ಬಾಗಿಲೇ. ಚಾರ್ ಆದ್ದು ಬಾಗಿಲಲ್ಲ, ಬಾಗಿಲು ಇದ್ದ ಜಾಗ.”

“ನಮ್ಮಲ್ಲಿ ಎರಡಕ್ಕೂ ಕರಂಚಿತು ಅಂತ ಹೇಳಿದ್ರೆ ಆಯ್ತಲ್ಲ ಭಾವ?”

“ಅದೇ ನಿಮ್ಮ ಕುಟುಂಬದ ದೋಷ ಮಾರಾಯ್ತಿ. ಎಲ್ಲದಕ್ಕೂ ಒಂದೇ ಶಬ್ದ.”

ನಮ್ಮ ಕುಟುಂಬದ ದೋಷ! ಇವರಿಗೆ ಹೆಣ್ಣು ಕೊಟ್ಟದ್ದೊಂದು ಬಿಟ್ಟರೆ ನಮ್ಮ ಕುಟುಂಬದಲ್ಲಿ ಹೇಳುವಂಥ ದೋಷ ಯಾವುದೂ ಇಲ್ಲ.

ಈ ಶಬ್ದಗಳ ವಿಷಯದಲ್ಲಿ ಮನುಷ್ಯ ಎಷ್ಟು ಕಲ್ಲು ಎಂದರೆ, ಕಾರ್ಕಳದಲ್ಲಿ ಇವರ ಸ್ವಂತ ಚಿಕ್ಕಪ್ಪನ ಮಗನ ಬಟ್ಟೆ ಅಂಗಡಿಗೆ ಒಮ್ಮೆ ಬೆಂಕಿ ಬಿತ್ತು. ಪರಿಶೀಲನೆಗೆ ಹೋದದ್ದು ಇವರೇ. ಪಾಪ, ಆ ತಮ್ಮ ಎಳನೀರು ತರಿಸಿದ, ಕುರ್ಚಿ ಹಾಕಿಸಿದ, ಕೊನೆಗೆ ಕೈ ಹಿಡಿದುಕೊಂಡ. “ಅಣ್ಣ, ಒಳಗಿನ ಕಪಾಟಿನ ಸೀರೆಗಳನ್ನೂ ಚಾರ್ ಅಂತ ಬರೀರಿ. ಒಂದು ಶಬ್ದ, ಅಷ್ಟೇ.” ಇವರು ಎಳನೀರು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, “ಮಡಿಕೆಯ ಅಂಚು ಮಾತ್ರ ಕಂದಿದ್ದು ಮಾರಾಯ. ಸ್ಕಾರ್ಚ್,” ಎಂದು ಬರೆದು ಸಹಿ ಹಾಕಿ ಎದ್ದು ಬಂದರು. ತಮ್ಮ ಅಂದಿನಿಂದ ಮಾತು ಬಿಟ್ಟ. ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾನೆ. ಭಾವನಿಗೆ ಅದರ ಬಗ್ಗೆ ಬೇಸರ ಉಂಟೋ ಎಂದರೆ, ಇಲ್ಲ. “ಅವನ ಕೋಪ ಚಾರ್ ಆಗ್ಲಿಲ್ಲ, ಸರಿಯಾದೀತು,” ಎನ್ನುತ್ತಾರೆ. 

ಉಡುಪಿಯ ಒಂದು ಹೋಟೆಲಿಗೆ ನಾವೆಲ್ಲ ಒಟ್ಟಿಗೆ ಹೋದದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಒಂದು. ಮಸಾಲೆ ದೋಸೆಯ ಹಿಂಭಾಗದಲ್ಲಿ ಒಂದು ಕಪ್ಪು ಬೊಟ್ಟು ಇತ್ತು. ನಾವು ಅದನ್ನು ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು ಮುಂದೆ ಹೋಗುವ ಜನ. ಇವರು ದೋಸೆಯನ್ನು ಮಗುಚಿ, ಬೆಳಕಿಗೆ ಹಿಡಿದು, ಬಡಿಸುವವರನ್ನು ಕರೆದರು. ಅಂಚಿನಲ್ಲಿ ಸ್ಕಾರ್ಚ್ ಆಗಿದೆ, ಅದು ಒಳ್ಳೆಯದು, ನಡುವಿನಲ್ಲಿ ಚಾರ್ ಆಗಿದೆ, ಅದು ಕಾವಲಿಯ ದೋಷ ಎಂದು ಉಪನ್ಯಾಸ ಸುರುವಾಯಿತು. ಹಿಂದೆ ನಾಲ್ಕು ಮೇಜಿನವರು ಚಟ್ನಿಗೆ ಕಾಯುತ್ತಿದ್ದಾರೆ! ಬಡಿಸುವವರು ತಾಳ್ಮೆಯಿಂದ ಎಲ್ಲ ಕೇಳಿ ಕೊನೆಗೆ, “ಸರ್, ನಿಮಗೆ ಈಗ ಎಂತ ಬೇಕು? ಬೇರೆ ದೋಸೆಯಾ, ಸರ್ಟಿಫಿಕೇಟಾ?” ಎಂದರು. ನಾನು ತಲೆ ತಗ್ಗಿಸಿ ಸಾಂಬಾರಿನ ಬಟ್ಟಲು ನೋಡುತ್ತ ಕೂತೆ.

ಇದೆಲ್ಲ ಹೇಗೋ ನಡೆಯುತ್ತಿತ್ತು. ಕೊರೋನಾದ ವರ್ಷ ನಿವೃತ್ತಿಯಾಯಿತು ನೋಡಿ, ಅಲ್ಲಿಗೆ ನಮ್ಮ ಗ್ರಹಚಾರ ಕೆಟ್ಟಿತು. ಸುಟ್ಟ ಅಂಗಡಿಗಳು ಕೈತಪ್ಪಿದ ಮನುಷ್ಯ ಎಲ್ಲಿಗೆ ಹೋಗಬೇಕು? ಕಾಪುವಿನಲ್ಲಿ ಮನೆ, ನಡೆದು ಹೋದರೆ ಸಮುದ್ರ, ಲೈಟ್‌ಹೌಸ್. ಉಳಿದ ನಿವೃತ್ತರು ಬೆಳಿಗ್ಗೆ ಅಲ್ಲಿ ಗಾಳಿ ತಿಂದು ರಾಜಕೀಯ ಮಾತಾಡುತ್ತಾರೆ. ಇವರು ಅಡುಗೆಮನೆಯಲ್ಲಿ ಒಂದು ಸ್ಟೂಲು ಹಾಕಿ ಕೂತರು. ಒಲೆಯ ಪಕ್ಕ. ಏಳುವುದೇ ಇಲ್ಲ!

ಈಗ ನಿಮಗೆ ನನ್ನ ಅಕ್ಕನ ಅಡುಗೆಮನೆ ಎಂದರೆ ಏನೆಂದು ಹೇಳಬೇಕು. ನಮ್ಮ ಬಳಗದಲ್ಲಿ ಅಕ್ಕನ ಕೈಗೆ ಎದುರಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತ ನಿಂತು, ಒಳಗೆ ಬಾಣಲೆ ಆಡಿಸುತ್ತಿದ್ದ ನನಗೆ “ಮೆಂತೆ ಆಯ್ತು, ತೆಗಿ” ಎಂದು ಕೂಗಿ ಹೇಳುವವಳು. ತಿರುಗಿ ನೋಡಿದವಳೇ ಅಲ್ಲ, ಮೂಗಿನಲ್ಲೇ ಎಲ್ಲ. ಅವಳಿಗೆ ಮಕ್ಕಳಿಲ್ಲ. ನಾನು ಮಣಿಪಾಲದಲ್ಲಿ ಕಾಲೇಜು, ಕೆಲಸ ಎಂದು ಓಡುತ್ತಿದ್ದ ವರ್ಷಗಳಲ್ಲಿ ನನ್ನ ಮಗಳು ಬೆಳೆದದ್ದು ಅವಳ ಸೆರಗಿನಲ್ಲಿ. “ಇವಳ ಬಯಕೆಯ ಊಟ ನನ್ನ ಕೈಯಲ್ಲೇ ಆಗ್ಬೇಕು, ಈಗ್ಲೇ ಹೇಳಿಟ್ಟಿದ್ದೇನೆ,” ಎಂದು ಮಗಳು ಲಂಗ ಹಾಕುವ ಕಾಲದಿಂದ ಹೇಳುತ್ತ ಬಂದಿದ್ದಳು. ಬಸುರಿ ಹೆಂಗಸನ್ನು ಮಲ್ಲಿಗೆ ಮುಡಿಸಿ ಕೂರಿಸಿ, ಅವಳಿಗೆ ಏನೇನು ಆಸೆಯೋ ಅದೆಲ್ಲವನ್ನೂ ಬಡಿಸುವ ದಿನ ಅದು. ಈಗ ಮಗಳು ಬಸುರಿ. ದಿನ ಹತ್ತಿರ ಬರುತ್ತಿತ್ತು.

ಇಂಥ ಅಕ್ಕನ ಅಡುಗೆ ಹಾಳಾಗತೊಡಗಿತು! ಒಮ್ಮೆ ಸಾರಿನ ಒಗ್ಗರಣೆ ಕಪ್ಪು. ಒಮ್ಮೆ ಹಾಲು ಸೀದ ವಾಸನೆ. ಕೋರಿ ಗಸಿ ಎಂಬ ನಮ್ಮ ಕೋಳಿ ಸಾರಿನಲ್ಲಿ ಮಸಾಲೆ ಹೊತ್ತಿದ ಕಹಿ. ಯಾಕೆ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ, ಕಾರಣ ಸ್ಟೂಲಿನ ಮೇಲೆ ಕೂತಿತ್ತು. ಒಲೆಯ ಪಕ್ಕ ಒಬ್ಬ ಗಂಡಸು ಮೂಗು ಅರಳಿಸಿಕೊಂಡು “ಇನ್ನೂ ಆಗ್ಲಿಲ್ಲ, ಆಯ್ತು, ಇಳಿಸು” ಎಂದು ವಟಗುಟ್ಟುತ್ತ ಕೂತರೆ ಯಾವ ಹೆಂಗಸಿನ ಕೈ ನೆಟ್ಟಗಿರುತ್ತದೆ? ಅಷ್ಟು ಸಾಲದೆಂಬಂತೆ ಯಾರಾದರೂ ಮುಖ ಹಿಂಡಿದರೆ ಇವರು ತಟ್ಟನೆ, “ನಾನೇ ಹೇಳಿ ತಳ ಹಿಡಿಸಿದ್ದು! ಸ್ವಲ್ಪ ಸ್ಕಾರ್ಚ್ ಆದ್ರೆ ರುಚಿ ಬೇರೆ. ಚಾರ್ ಆಗ್ಬಾರ್ದು. ವ್ಯತ್ಯಾಸ ಗೊತ್ತುಂಟಾ ನಿಮಗೆ?” ಎಂದು ಪಾಠ ತೆಗೆಯುತ್ತಿದ್ದರು. ನಾಲಿಗೆಯೂ ಸುಟ್ಟಿತ್ತೋ ಏನೋ!

ಮೀನು ಮಾರ್ಕೆಟಿನಲ್ಲೂ ಮಾನ ಉಳಿಯಲಿಲ್ಲ. ಅಕ್ಕನ ಹಿಂದೆಯೇ ಹೋಗುವುದು, ಅವಳು ಆರಿಸಿದ ಬಂಗುಡೆಯನ್ನು ಎತ್ತಿ ಮೂಗಿಗೆ ಹಿಡಿಯುವುದು. ಒಂದು ದಿನ ಮೀನಿನ ಹೆಂಗಸು ನನ್ನನ್ನು ತಡೆದು ನಿಲ್ಲಿಸಿ ಕೇಳಿದಳು: “ನಿಮ್ಮ ಭಾವನವರಿಗೆ ಎಂತ ಆಗಿದೆ ಅಕ್ಕಾ? ಕಿವಿರು ನೋಡಿ ಮೀನು ತೆಕ್ಕೊಳ್ಳುದು ನೋಡಿದ್ದೇನೆ. ಮೂಸಿ ತೆಕ್ಕೊಳ್ಳುದು ನೋಡ್ಲಿಲ್ಲ. ಬೆಕ್ಕು ಸಹ ಮೂಸಿಕೊಂಡು ಕೂರುದಿಲ್ಲ, ಎತ್ತಿಕೊಂಡು ಓಡ್ತದೆ!” ಬೆಕ್ಕಿಗಿಂತ ಕಡೆ ಎಂದಾಯಿತು ನಮ್ಮ ಭಾವ. ನಾನು ಇಲ್ಲ ಎನ್ನಲಿಲ್ಲ.

ಕೊನೆಗೆ ಬೀಗರು ಬಂದ ದಿನ. ಮಗಳ ಅತ್ತೆ, ಮಾವ ಬಯಕೆಯ ಮಾತುಕತೆಗೆಂದು ಕಾಪುವಿಗೆ ಬಂದಿದ್ದರು. ಅಚ್ಚುಕಟ್ಟಿನ ಜನ. ನಾನು ಮೊದಲೇ ಹೋಗಿ ಭಾವನನ್ನು ಸ್ಟೂಲಿನಿಂದ ಎಬ್ಬಿಸಿ ಜಗಲಿಗೆ ಅಟ್ಟಿದೆ. “ಇವತ್ತೊಂದು ದಿನ ದಮ್ಮಯ್ಯ, ಒಳಗೆ ಬರ್ಬೇಡಿ. ಅಕ್ಕನಷ್ಟಕ್ಕೆ ಅಕ್ಕ ಮಾಡ್ಲಿ,” ಎಂದೆ. ಅವರು ಬೀಗರ ಎದುರು ಕೂತರೂ ಮುಳ್ಳಿನ ಮೇಲೆ ಕೂತವರ ಹಾಗೆ ಕುರ್ಚಿಯ ತುದಿಯಲ್ಲೇ ಇದ್ದರು, ಮೂಗು ಅಡುಗೆಮನೆಯ ಕಡೆಗೆ. ಎರಡು ಸಲ ಏಳಹೊರಟಾಗ ನಾನೇ ಕಣ್ಣು ಬಿಟ್ಟು ಕೂರಿಸಿದೆ. ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ, ಶಾಂತವಾಗಿ ಹೆಸರುಬೇಳೆ ಪಾಯಸ ತಿರುಗಿಸುತ್ತಿದ್ದಳು.

ಊಟಕ್ಕೆ ಕೂತೆವು. ಪಾಯಸ ಬಂತು. ಬೀಗಿತ್ತಿ ಒಂದು ಚಮಚ ಬಾಯಿಗಿಟ್ಟು ಮೆಲ್ಲನೆ ನೀರಿನ ಲೋಟ ಎತ್ತಿದರು. ಬೀಗರು ಬಟ್ಟಲನ್ನು ಒಂದು ಬೆರಳಿನಷ್ಟು ಆಚೆ ಸರಿಸಿದರು. ಅಕ್ಕ ಬಾಗಿಲಲ್ಲಿ ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಳು. ಆಗ ನಮ್ಮ ಮಹಾನುಭಾವರು ಬಟ್ಟಲನ್ನು ಎತ್ತಿ ಗಟಗಟ ಕುಡಿದು, “ಹಾ! ನಾನು ಹೇಳಿದ ಹಾಗೆಯೇ ಹಿಡಿಸಿದ್ದಾಳೆ! ಬೆಲ್ಲ ಸ್ವಲ್ಪ ಸ್ಕಾರ್ಚ್ ಆಗ್ಬೇಕು ಬೀಗರೇ, ಆಗಲೇ ಪರಿಮಳ. ಸ್ಕಾರ್ಚಿಗೂ ಚಾರಿಗೂ ಒಂದು ವ್ಯತ್ಯಾಸ ಉಂಟು...” ಎಂದು ಸುರುಮಾಡಿದರು. ಮತ್ತೆ ಬಡಿಸಿಕೊಂಡರು. ಪುನಃ ಬಡಿಸಿಕೊಂಡರು. ಬೀಗರು ಈ ಮನುಷ್ಯನಿಗೆ ತಲೆ ಸರಿ ಉಂಟಾ ಎಂಬಂತೆ ನನ್ನತ್ತ ನೋಡಿದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಸಿಟ್ಟು ಎಂದರೆ ಅಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದದ್ದಿಲ್ಲ.

ಮರುದಿನವೇ ಉಡುಪಿಯ ಅಡುಗೆಯವರಿಗೆ ಬಯಕೆಯ ಊಟ ಒಪ್ಪಿಸಿಬಿಟ್ಟೆ. ಅಕ್ಕನ ಇಷ್ಟು ವರ್ಷದ ಆಸೆ ಹೋಯಿತು, ಗೊತ್ತಿತ್ತು. ಆದರೆ ಇದ್ದಿಲು ಬಡಿಸಿ, ಮೇಲೆ ಇಂಗ್ಲಿಷ್ ಪಾಠ ಕೇಳಿಸಿ, ಬಂದ ನೆಂಟರ ಬಾಯಲ್ಲಿ ಅಕ್ಕನ ಹೆಸರು ಕೆಡುವುದಕ್ಕಿಂತ ಇದು ಮೇಲು ಎಂದುಕೊಂಡೆ. ಅವಳಿಗೆ ಎದುರೆದುರು ಹೇಳಬೇಕಲ್ಲ, ಫೋನಿನಲ್ಲಿ ಹೇಳುವ ವಿಷಯವಲ್ಲ. ಹೇಳಿ, ಜೊತೆಗೆ ಭಾವನಿಗೆ ನಾಲ್ಕು ಬಿಡಿಸಿ ಬರೋಣ ಎಂದು ಒಂದು ಬೆಳಿಗ್ಗೆ ತಿಳಿಸದೆಯೇ ಕಾಪುವಿಗೆ ಹೋದೆ.

ಹಿತ್ತಿಲ ಬಾಗಿಲು ತೆರೆದಿತ್ತು. ಒಳಗಿನಿಂದ ಮಾತು.

“ಈಗ?” ಅಕ್ಕ.

“ಇಲ್ಲ. ಹಸಿ ಉಂಟು.”

“ಈಗ?”

“ತಡಿ... ಕೊತ್ತಂಬರಿ ಬರ್ತಾ ಉಂಟು... ಬಂತು. ಇಳಿಸು!”

ಇಣುಕಿದೆ. ಅಕ್ಕ ಬಾಣಲೆ ಹಿಡಿದು ನಿಂತಿದ್ದಾಳೆ. ಭಾವ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ ಕೂತಿದ್ದಾರೆ. ಬಯ್ಯಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮೂಗಿಗೆ ಬಟ್ಟೆ ಸುಟ್ಟ ವಾಸನೆ ಅಡರಿತು. ಬಾಣಲೆ ಇಳಿಸಿದ ಮಸಿಬಟ್ಟೆಯ ತುದಿ ಒಲೆಗೆ ತಾಗಿ ಅಕ್ಕನ ಕೈಬುಡದಲ್ಲೇ ಹೊಗೆಯಾಡುತ್ತಿತ್ತು. ಬಾಗಿಲಲ್ಲಿದ್ದ ನನಗೆ ಗೊತ್ತಾಯಿತು. ಕೈಯಲ್ಲೇ ಹಿಡಿದಿದ್ದ ಅವಳು ಆಚೆ ತಿರುಗಿ ನಿಶ್ಚಿಂತೆಯಿಂದ ಜೀರಿಗೆಯ ಡಬ್ಬಿ ಹುಡುಕುತ್ತಿದ್ದಳು! ಭಾವ ಸ್ಟೂಲು ಉರುಳಿಸಿ ಹಾರಿ ಬಂದು ಬಟ್ಟೆಯನ್ನು ಬರಿಗೈಯಲ್ಲಿ ಕಿತ್ತು ನೀರಿಗೆ ಹಾಕಿದರು. ಶಬ್ದಗಿಬ್ದ ಏನೂ ಹುಡುಕಲಿಲ್ಲ.

“ಎಂತ ಆಯ್ತು?” ಎಂದಳು ಅಕ್ಕ ಗಾಬರಿಯಿಂದ. ಆಗ ನನ್ನನ್ನು ಕಂಡಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು, ಇವಳಿಗೆ ಗೊತ್ತಾಯಿತು ಎಂದು.

“ಕೊರೋನಾ ಬಂದಾಗ ವಾಸನೆ ಹೋದದ್ದು,” ಎಂದಳು ಕೆಳಗೆ ಕೂತು. “ಎಲ್ಲರಿಗೂ ವಾಪಸು ಬಂತು, ನನಗೆ ಬರ್ಲಿಲ್ಲ. ಬಂತು ಅಂತ ನಿಮಗೆಲ್ಲ ಸುಳ್ಳು ಹೇಳಿದೆ. ಉಪ್ಪು ಗೊತ್ತಾಗ್ತದೆ, ಹುಳಿ ಗೊತ್ತಾಗ್ತದೆ. ಉಳಿದದ್ದೆಲ್ಲ ಬಿಸಿನೀರು ಕುಡಿದ ಹಾಗೆ.”

“ನನಗಾದ್ರೂ ಹೇಳ್ಬಾರ್ದಿತ್ತಾ ಅಕ್ಕ?”

“ಹೇಳಿದ್ರೆ ನೀವು ಎಂತ ಮಾಡ್ತೀರಿ? ಪಾಪ ಅಂತ ಹೇಳಿ ನನ್ನನ್ನು ಹೊರಗೆ ಟಿವಿ ಎದುರು ಕೂರಿಸ್ತೀರಿ. ಮಗಳ ಬಯಕೆಗೆ ಅಡುಗೆಯವರನ್ನು ತರ್ತೀರಿ.”

ಅದನ್ನೇ ಹೇಳಲು ಬಂದಿದ್ದ ನಾನು ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿದೆ.

ಭಾವ ಬೆರಳಿಗೆ ಊದಿಕೊಳ್ಳುತ್ತ ಹಿತ್ತಿಲಿಗೆ ಹೋದರು. ನಾನೂ ಹಿಂದೆ ಹೋದೆ. ಅವರು ತೆಂಗಿನ ಬುಡದಲ್ಲಿ ನಿಂತರು. ನನಗೆ ಒಂದು ಕೇಳಲೇಬೇಕಿತ್ತು.

“ಭಾವ, ಬೀಗರು ಬಂದ ದಿನದ ಪಾಯಸ. ನಿಜ ಹೇಳಿ. ಸ್ಕಾರ್ಚಾ?”

ಅವರು ಅಡುಗೆಮನೆಯ ಕಡೆಗೊಮ್ಮೆ ನೋಡಿದರು. ಸ್ವರ ತಗ್ಗಿಸಿದರು. “ಚಾರ್. ಶುದ್ಧ ಚಾರ್ ಮಾರಾಯ್ತಿ! ತಳದಲ್ಲಿ ಕಲ್ಲಿದ್ದಲು. ನನ್ನ ಸರ್ವೀಸಿನಲ್ಲೇ ಅಂಥದ್ದು ನೋಡ್ಲಿಲ್ಲ. ಅವಳಿಗೆ ಹೇಳ್ಬೇಡ, ಆಯ್ತಾ?”

ನನಗೆ ನಗು ಬಂತು, ಅದರ ಜೊತೆಯಲ್ಲೇ ಅಳುವೂ ಬಂತು. ಕೈಹಿಡಿದು ಬೇಡಿಕೊಂಡ ತಮ್ಮನಿಗೆ ಒಂದು ಶಬ್ದ ಬದಲಿಸದ ಮನುಷ್ಯ! ಈಗ ದಿನಾ ಮೂರು ಹೊತ್ತು ಸುಳ್ಳು ವರದಿ ಕೊಡುತ್ತಿದ್ದಾರೆ. ಕೊಡುವುದು ಮಾತ್ರವಲ್ಲ, ಬಟ್ಟಲುಗಟ್ಟಲೆ ಕುಡಿದು ತೋರಿಸುತ್ತಿದ್ದಾರೆ. ಊರೆಲ್ಲ ತನ್ನನ್ನು ಹುಚ್ಚ ಎಂದರೂ ಆಗಬಹುದು, ಅವಳ ಕೈ ಕೆಟ್ಟಿತು ಎಂದು ಯಾರೂ ಹೇಳಬಾರದು! ನನಗಂತೂ ಅವರ ಮೇಲೆ ಹೊಸದಾಗಿ ಸಿಟ್ಟು ಬಂತು. ಇಂಥ ಕೆಲಸ ಮಾಡುವವರು ಅದಕ್ಕೆ ತಕ್ಕ ಮುಖವನ್ನಾದರೂ ಇಟ್ಟುಕೊಳ್ಳಬೇಡವೇ? ಆ ಉಪನ್ಯಾಸದ ಮುಖ ನೋಡಿ ಯಾರಿಗೆ ಅನುಮಾನ ಬರುತ್ತದೆ?

ಉಡುಪಿಯ ಅಡುಗೆಯವರಿಗೆ ಬೇಡವೆಂದು ಫೋನು ಮಾಡಿದೆ. ಅಕ್ಕನಿಗೆ ಅವರ ಸುದ್ದಿಯನ್ನೇ ಹೇಳಲಿಲ್ಲ.

ಬಯಕೆಯ ದಿನ ಹೆಂಗಸರ ನಡುವೆ ಒಲೆಯ ಬುಡದಲ್ಲಿ ಒಬ್ಬರೇ ಗಂಡಸು. “ಬಯಕೆಯ ಅಡುಗೆಮನೆಯಲ್ಲಿ ಇವರಿಗೆ ಎಂತ ಕೆಲಸ ಮಾರಾಯ್ತಿ?” ಎಂದು ಒಬ್ಬರು ಹಿರಿಯರು ಕೇಳಿದರು. “ಅವರಿಗೆ ಮೊದಲಿನಿಂದ್ಲೂ ಸ್ವಲ್ಪ ಹಾಗೆಯೇ,” ಎಂದೆ ನಾನು ಮೆಲ್ಲನೆ. ಏನು ಮಾಡುವುದು, ಅವರಿಗೂ ಅದೇ ಬೇಕಾಗಿತ್ತು. ಗಸಿ ಸರಿಯಾಯಿತು. ಪಾಯಸ ಸರಿಯಾಯಿತು. ಹುಳಿಖಾರದ ಬಂಗುಡೆ ಪುಳಿಮುಂಚಿಯನ್ನು ಬೀಗಿತ್ತಿ ಎರಡನೇ ಸಲ ಕೇಳಿ ಬಡಿಸಿಕೊಂಡರು. ಮಗಳು ಎಲೆಯಲ್ಲಿ ಏನೂ ಉಳಿಸಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡಿ, ಆಮೇಲೆ ಒಳಗೆ ಹೋಗಿ ಗಂಡನಿಗೆ ಏನೋ ಹೇಳಿದಳು. ಭಾವ ಕಣ್ಣು, ಮೂಗು ಉಜ್ಜಿಕೊಳ್ಳುತ್ತ, “ಒಣಮೆಣಸು ಹುರಿದ ಘಾಟು, ಬೇರೆಂತ ಇಲ್ಲ,” ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ವಿವರಿಸಿದರು.

ಮಗಳಿಗೆ ಗಂಡು ಮಗು ಹುಟ್ಟಿತು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬಳಗವೆಲ್ಲ ಸೇರಿತ್ತು. ಒಬ್ಬರ ಕೈಯಿಂದ ಒಬ್ಬರ ಕೈಗೆ ಮಗು ಹೋಗುವುದು, ಪ್ರತಿಯೊಬ್ಬಳೂ ನೆತ್ತಿಗೆ ಮೂಗಿಟ್ಟು “ಆಹಾ, ಎಳೆ ಮಗುವಿನ ವಾಸನೆ!” ಎನ್ನುವುದು. ಅಕ್ಕನ ಮಡಿಲಿಗೆ ಬಂತು. ಅವಳೂ ಬಗ್ಗಿ ನೆತ್ತಿಗೆ ಮೂಗಿಟ್ಟಳು. ಇಟ್ಟು ಹಾಗೆಯೇ ಉಳಿದಳು. ತುಂಬ ಹೊತ್ತು. ಆಮೇಲೆ ತಲೆ ಎತ್ತಿ, ಅಷ್ಟು ಜನರ ನಡುವೆ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಮರೆತು, ಸ್ವರ ಎತ್ತಿ ಗಂಡನನ್ನು ಕರೆದಳು.

“ಇಲ್ಲಿ ಬನ್ನಿ ಒಮ್ಮೆ. ನನಗೆ ಎಂತದೂ ಬರುದಿಲ್ಲ. ಹೇಗೆ ಉಂಟು ಹೇಳಿ.”

ಭಾವ ಜಗಲಿಯಿಂದ ಎದ್ದು ಬಂದು, ಮಂಡಿಯೂರಿ, ಮಗುವಿನ ನೆತ್ತಿಯ ಹತ್ತಿರ ಕಣ್ಣು ಮುಚ್ಚಿದರು. ಇಂಗ್ಲಿಷ್ ಶಬ್ದ ಬರುತ್ತದೆ ಎಂದು ನಾನು ಕಾದೆ.

“ನೀನು ಬೆಳಿಗ್ಗೆ ಹಾಲು ಕಾಯಿಸ್ತಿ ಅಲ್ವಾ,” ಎಂದರು ಅವರು ಮೆಲ್ಲನೆ. “ಅದು ಉಕ್ಕುವ ಮೊದಲು, ಕೆನೆ ಕಟ್ಟುವಾಗ, ಒಂದು ಪರಿಮಳ ಬರ್ತದೆ. ನೆನಪುಂಟಾ ನಿನಗೆ? ಅದೇ.”

ಅಕ್ಕ ಮತ್ತೆ ಬಗ್ಗಿ ಮಗುವಿನ ನೆತ್ತಿಗೆ ಮೂಗಿಟ್ಟಳು. “ಹ್ಞಾಂ,” ಎಂದಳು. “ಬಂತು.”